ಹಲ್ಲಿನ ಸೆಟ್ಟಿನ ಗುಣವೂ ಅದನ್ನು ಬೇಯಿಸುವ ಕ್ರಮವೂ

ಕೃತಕ ಹಲ್ಲಿನ ಸೆಟ್ಟಿನಲ್ಲಿ ಒಸಡಿನ ಬಣ್ಣಕ್ಕೆ ಕಾಣುವ ತಳಭಾಗವನ್ನು ಹೆಚ್ಚಾಗಿ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಕ್ರಿಲಿಕ್ ರಾಳದಿಂದ ಮಾಡುತ್ತಾರೆ. 1930ರ ದಶಕದ ಕೊನೆಗೆ ದಂತವೈದ್ಯಕ್ಕೆ ಬಂದ ಈ ವಸ್ತು, ಅಲ್ಲಿಯವರೆಗೆ ಬಳಕೆಯಲ್ಲಿದ್ದ, ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರನ್ನು ಬೇಗನೆ ಮೂಲೆಗೆ ಸರಿಸಿತು. ಆದರೆ ಒಂದೇ ರಾಳದಿಂದ ತಯಾರಾದ ಎರಡು ಸೆಟ್ಟುಗಳ ಬಾಳಿಕೆ ಒಂದೇ ಆಗಿರಬೇಕೆಂದೇನಿಲ್ಲ. ಪ್ರಯೋಗಾಲಯದಲ್ಲಿ ಅದನ್ನು ಹೇಗೆ ಬೇಯಿಸಿದರು, ಹೇಗೆ ತಣಿಸಿದರು ಎಂಬುದು ಬಹುಮಟ್ಟಿಗೆ ಅದನ್ನು ತೀರ್ಮಾನಿಸುತ್ತದೆ.

ರಾಳದ ಪುಡಿಯನ್ನು ಮಾನೋಮರ್ ಎಂಬ ದ್ರವದೊಡನೆ ಕಲಸಿ, ಕಣಕದಂತಾದ ಮುದ್ದೆಯನ್ನು ಪ್ಲಾಸ್ಟರ್ ಅಚ್ಚಿಗೆ ಒತ್ತಿ ತುಂಬಿ, ಬಿಸಿನೀರಿನಲ್ಲಿಡುತ್ತಾರೆ. ಶಾಖ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಪುಡಿಯಲ್ಲಿರುವ ಬೆಂಜಾಯಿಲ್ ಪೆರಾಕ್ಸೈಡ್ ಒಡೆದು, ಮಾನೋಮರಿನ ಬಿಡಿ ಅಣುಗಳು ಉದ್ದನೆಯ ಸರಪಳಿಗಳಾಗಿ ಬೆಸೆದುಕೊಳ್ಳತೊಡಗುತ್ತವೆ. ಈ ಬೆಸುಗೆ ತಾನೇ ಶಾಖವನ್ನು ಹೊರಸೂಸುತ್ತದೆ. ಮಾನೋಮರ್ ಕುದಿಯುವುದು ಸುಮಾರು 100 ಡಿಗ್ರಿಯಲ್ಲಿ. ಆದ್ದರಿಂದ ಅವಸರದಲ್ಲಿ ನೀರನ್ನು ಕುದಿಸಿಬಿಟ್ಟರೆ ದಪ್ಪನೆಯ ಭಾಗಗಳ ಒಳಗೆ ಮಾನೋಮರ್ ಆವಿಯಾಗಿ, ಗುಳ್ಳೆಗಳು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಇವು ಸೆಟ್ಟಿನ ಬಲವನ್ನು ಕುಗ್ಗಿಸುವುದಲ್ಲದೆ, ಮೇಲ್ಮೈಗೆ ತೆರೆದುಕೊಂಡರೆ ಕಲೆಗೂ ಶಿಲೀಂಧ್ರಕ್ಕೂ ಆಸರೆಯಾಗುತ್ತವೆ. 74 ಡಿಗ್ರಿಯಲ್ಲಿ ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಇಡುವ, ಇಲ್ಲವೇ ಅದೇ ಶಾಖದಲ್ಲಿ ಎರಡು ಗಂಟೆ ಇಟ್ಟು ಕೊನೆಯ ಒಂದು ಗಂಟೆ ಮಾತ್ರ ಕುದಿಸುವ ರೂಢಿ ಬಂದಿರುವುದು ಇದಕ್ಕಾಗಿಯೇ. ಕೊನೆಯ ಕುದಿತ ತೆಳುವಾದ ಭಾಗಗಳಲ್ಲಿ ಉಳಿದ ಮಾನೋಮರನ್ನು ಬೆಸೆಯಲು ಬೇಕು. ಅದು ಹಾಗೆಯೇ ಉಳಿದರೆ ರಾಳ ಮೆದುವಾಗುತ್ತದೆ, ಕೆಲವರ ಒಸಡು ಉರಿಯುತ್ತದೆ.

ಶಾಖವಿಲ್ಲದೆ ರಾಸಾಯನಿಕದಿಂದಲೇ ಗಟ್ಟಿಯಾಗುವ ರಾಳದಲ್ಲಿ ಈ ಉಳಿಕೆ ಹೆಚ್ಚು. ಅಂತರರಾಷ್ಟ್ರೀಯ ಮಾನದಂಡ ಬಿಸಿಯಲ್ಲಿ ಬೇಯಿಸಿದ ರಾಳಕ್ಕೆ ಶೇ 2.2, ತಾನೇ ಗಟ್ಟಿಯಾಗುವುದಕ್ಕೆ ಶೇ 4.5 ಎಂದು ಮಿತಿಯನ್ನು ಬೇರೆ ಬೇರೆಯಾಗಿ ಹಾಕಿರುವುದರಲ್ಲೇ ಈ ಅಂತರ ಕಾಣುತ್ತದೆ. ಮುರಿದ ಸೆಟ್ಟನ್ನು ಜೋಡಿಸಲು ತಾನೇ ಗಟ್ಟಿಯಾಗುವ ರಾಳ ಸೂಕ್ತ. ವರ್ಷಗಟ್ಟಲೆ ಅಗಿಯಬೇಕಾದ ಸೆಟ್ಟಿಗೆ ಬೇಯಿಸಿದ ರಾಳವೇ ಮೇಲು.

ತಣಿಸುವುದರಲ್ಲಿಯೂ ತಾಳ್ಮೆ ಬೇಕು. ಅಚ್ಚನ್ನು ಬಿಸಿಯಿಂದ ನೇರವಾಗಿ ತಣ್ಣೀರಿಗೆ ಹಾಕಿದರೆ ರಾಳ ಮತ್ತು ಪ್ಲಾಸ್ಟರ್ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ, ಒಳಗೆ ಸೆಳೆತ ಉಳಿದು, ಸೆಟ್ಟು ಸೊಟ್ಟಗಾಗುತ್ತದೆ. ಮೇಲಿನ ಸೆಟ್ಟು ಅಂಗುಳಿನ ಹಿಂಭಾಗದಲ್ಲಿ ಸಡಿಲವಾಗುವುದಕ್ಕೆ ಇದೂ ಒಂದು ಕಾರಣ.

ಕಾರ್ಖಾನೆಯಲ್ಲಿ ಅಧಿಕ ಒತ್ತಡದಲ್ಲಿ ಮೊದಲೇ ಗಟ್ಟಿಮಾಡಿದ ಬಿಲ್ಲೆಯನ್ನು ಗಣಕಯಂತ್ರದ ನಿರ್ದೇಶನದಲ್ಲಿ ಕೊರೆಯುವ ಹೊಸ ವಿಧಾನದಲ್ಲಿ, ಕುಗ್ಗುವಿಕೆ ಆಗಲೇ ಮುಗಿದಿರುವುದರಿಂದ ಹೊಂದಿಕೆ ಚೆನ್ನಾಗಿರುತ್ತದೆ. ಪದರ ಪದರವಾಗಿ ಮುದ್ರಿಸುವ ಸೆಟ್ಟಿಗೆ ಮಾತ್ರ ತೊಳೆದ ಬಳಿಕ ಮತ್ತೆ ಬೆಳಕು ಹಾಯಿಸಿ ಗಟ್ಟಿಗೊಳಿಸಲೇಬೇಕು. ಆ ಹೊತ್ತನ್ನು ಮೊಟಕುಗೊಳಿಸಿದರೆ ಬೆಸೆಯದ ರಾಳದ ತೊಂದರೆ ಅಲ್ಲಿಯೂ ತಪ್ಪುವುದಿಲ್ಲ.