ಊರೊಳಗೊಂದು ಊರು: ಹ್ಯಾಮ್‌ಟ್ರಾಮಿಕ್

ಅಮೆರಿಕದ ಮಿಷಿಗನ್ ರಾಜ್ಯದ ನಕ್ಷೆಯಲ್ಲಿ ಡೆಟ್ರಾಯಿಟ್ ಮಹಾನಗರವನ್ನು ಗಮನಿಸಿದರೆ ಅದರ ಹೊಟ್ಟೆಯಲ್ಲೊಂದು ತೂತು ಕಾಣುತ್ತದೆ. ನಗರದ ಗಡಿರೇಖೆ ಅಲ್ಲೊಂದು ಜಾಗವನ್ನು ನಾಲ್ಕೂ ಕಡೆಯಿಂದ ಸುತ್ತುವರಿದು, ಒಳಗೆ ಸೇರಿಸಿಕೊಳ್ಳದೆ ಬಿಟ್ಟಿದೆ. ಆ ತೂತಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಪುಟ್ಟ ನಗರಗಳಿವೆ. ಒಂದು ಹ್ಯಾಮ್‌ಟ್ರಾಮಿಕ್, ಇನ್ನೊಂದು ಹೈಲ್ಯಾಂಡ್ ಪಾರ್ಕ್.

ಈ ಎರಡೂ ಊರುಗಳ ಜಾತಕ ಒಂದೇ. ಎರಡೂ ಮೋಟಾರು ಕಾರಿನಿಂದ ಬೆಳೆದವು, ಎರಡೂ ಮೋಟಾರು ಕಾರಿನಿಂದಲೇ ಸೊರಗಿದವು. 1930ರ ಜನಗಣತಿಯಲ್ಲಿ ಹ್ಯಾಮ್‌ಟ್ರಾಮಿಕ್‌ನ ಜನಸಂಖ್ಯೆ 56,268, ಹೈಲ್ಯಾಂಡ್ ಪಾರ್ಕಿನದು 52,959. ತೊಂಬತ್ತು ವರ್ಷಗಳ ನಂತರ, 2020ರಲ್ಲಿ, ಹೈಲ್ಯಾಂಡ್ ಪಾರ್ಕಿನಲ್ಲಿ ಉಳಿದವರು 8,977 ಮಂದಿ. ಹ್ಯಾಮ್‌ಟ್ರಾಮಿಕ್‌ನಲ್ಲಿ 28,433 ಮಂದಿ, ಅದೂ ಹಿಂದಿನ ಹತ್ತು ವರ್ಷಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಏರಿಕೆ ಕಂಡು. ಒಂದು ಊರು ಬರಿದಾಗುತ್ತಾ ಹೋದಾಗ ಪಕ್ಕದ ಊರು ಮತ್ತೆ ತುಂಬಿಕೊಂಡದ್ದು ಹೇಗೆ?

ಎರಡು ಚದರ ಮೈಲಿಯ ನಗರ

ಉಪನಗರ ಎಂದೊಡನೆ ದೊಡ್ಡ ಪಟ್ಟಣದ ಅಂಚಿನ ಬಡಾವಣೆಯೊಂದು ಕಣ್ಣ ಮುಂದೆ ಬರುತ್ತದೆ. ಅಮೆರಿಕದಲ್ಲಿ ಈ ಮಾತಿಗೆ ಅರ್ಥ ಬೇರೆ. ಅಲ್ಲಿನ ಅನೇಕ ಉಪನಗರಗಳು ಕಾನೂನಿನ ಕಣ್ಣಿನಲ್ಲಿ ಸ್ವತಂತ್ರ ನಗರಗಳು. ತಮ್ಮದೇ ಮೇಯರ್, ತಮ್ಮದೇ ನಗರಸಭೆ, ತಮ್ಮದೇ ಪೊಲೀಸರು, ತಮ್ಮದೇ ತೆರಿಗೆ. ರಸ್ತೆಯ ಈ ಬದಿಯ ಮನೆಯವರು ಒಂದು ನಗರಕ್ಕೆ ತೆರಿಗೆ ಕಟ್ಟಿದರೆ ಆ ಬದಿಯವರು ಇನ್ನೊಂದಕ್ಕೆ ಕಟ್ಟುತ್ತಾರೆ. ಹೀಗಾಗಿ ಗಡಿಯ ಯಾವ ಬದಿಯಲ್ಲಿ ಕಾರ್ಖಾನೆಯಿದೆ ಎಂಬುದು ಅಲ್ಲಿ ಬದುಕಿನ ಪ್ರಶ್ನೆ.

ಹ್ಯಾಮ್‌ಟ್ರಾಮಿಕ್‌ನ ವಿಸ್ತೀರ್ಣ ಎರಡು ಚದರ ಮೈಲಿಗಿಂತ ತುಸು ಹೆಚ್ಚು, ನಮ್ಮ ಲೆಕ್ಕದಲ್ಲಿ ಸುಮಾರು 1,300 ಎಕರೆ. ಡೆಟ್ರಾಯಿಟಿನ ನಡುಪೇಟೆಯಿಂದ ಎಂಟು ಕಿಲೋಮೀಟರ್ ದೂರ. ಬೆಟ್ಟವಿಲ್ಲ, ಹೊಳೆಯಿಲ್ಲ, ಸಪಾಟು ನೆಲ. ಪಶ್ಚಿಮದ ಅಂಚಿನಲ್ಲಿ ಹೆದ್ದಾರಿ, ದಕ್ಷಿಣದಲ್ಲಿ ಕಾರ್ಖಾನೆ, ನಡುವೆ ಜೋಸೆಫ್ ಕ್ಯಾಂಪೋ ಎಂಬ ಪೇಟೆಬೀದಿ. ಉಳಿದದ್ದೆಲ್ಲ ಕಿರಿದಾದ ನಿವೇಶನಗಳಲ್ಲಿ ಒತ್ತೊತ್ತಾಗಿ ನಿಂತ ಮನೆಗಳು. ಎಷ್ಟೋ ಮನೆಗಳಲ್ಲಿ ಕೆಳಗೊಂದು ಸಂಸಾರ, ಮೇಲೊಂದು ಸಂಸಾರ. ಕಾರು ತಯಾರಿಸಲು ಹುಟ್ಟಿದ ಈ ಊರನ್ನು ಕಟ್ಟಿದ್ದು ಮಾತ್ರ ನಡೆದು ಹೋಗುವವರಿಗಾಗಿ. ಕಾರ್ಮಿಕ ಮನೆಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಚರ್ಚಿಗೆ ಕಾಲ್ನಡಿಗೆಯಲ್ಲೇ ಓಡಾಡುವಂತಿತ್ತು.

ಇಂದಿಗೂ ಇದು ಮಿಷಿಗನ್ ರಾಜ್ಯದಲ್ಲೇ ಅತ್ಯಂತ ಜನದಟ್ಟಣೆಯ ನಗರ. ಚದರ ಮೈಲಿಗೆ ಹದಿಮೂರು ಸಾವಿರಕ್ಕೂ ಹೆಚ್ಚು ಜನ. ಸುತ್ತಲಿನ ಡೆಟ್ರಾಯಿಟಿನ ಸರಾಸರಿಗೆ ಹೋಲಿಸಿದರೆ ಸುಮಾರು ಮೂರು ಪಟ್ಟು.

ಡಾಡ್ಜ್ ಸಹೋದರರು ಬಂದರು

ಊರಿಗೆ ಹೆಸರು ಬಂದದ್ದು ಜಾನ್ ಫ್ರಾನ್ಸಿಸ್ ಹ್ಯಾಮ್‌ಟ್ರಾಮಿಕ್ ಎಂಬ ಸೈನ್ಯಾಧಿಕಾರಿಯಿಂದ. ಕೆನಡಾದಲ್ಲಿ ಫ್ರೆಂಚ್ ಭಾಷಿಕರ ನಡುವೆ ಹುಟ್ಟಿದ ಈತ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅಮೆರಿಕನ್ನರ ಪರವಾಗಿ ಹೋರಾಡಿ, 1796ರಲ್ಲಿ ಡೆಟ್ರಾಯಿಟ್ ಕೋಟೆ ಬ್ರಿಟಿಷರ ಕೈ ತಪ್ಪಿದಾಗ ಅದರ ಅಧಿಕಾರ ವಹಿಸಿಕೊಂಡವನು. ಮುಂದಿನ ನೂರು ವರ್ಷ ಇಲ್ಲಿ ಹೊಲಗದ್ದೆಗಳಿದ್ದವು, ಜರ್ಮನ್ ಮೂಲದ ರೈತರಿದ್ದರು. 1901ರಲ್ಲಿ ಇದು ಪ್ರತ್ಯೇಕ ಗ್ರಾಮವಾಯಿತು.

1910ರಲ್ಲಿ ಜಾನ್ ಮತ್ತು ಹೊರೇಸ್ ಡಾಡ್ಜ್ ಸಹೋದರರು ಇಲ್ಲಿ ಕಾರ್ಖಾನೆ ತೆರೆದರು. ಆ ವರ್ಷ ಊರಿನ ಜನಸಂಖ್ಯೆ 3,559. ಹತ್ತೇ ವರ್ಷಗಳಲ್ಲಿ ಅದು 48,615 ಆಯಿತು, ಅಂದರೆ ಹದಿಮೂರು ಪಟ್ಟಿಗೂ ಹೆಚ್ಚು. ಬಂದವರಲ್ಲಿ ಬಹುಪಾಲು ಪೋಲಿಷರು. ಆಗ ಪೋಲೆಂಡ್ ಎಂಬ ದೇಶವೇ ಭೂಪಟದಲ್ಲಿರಲಿಲ್ಲ. ರಷ್ಯಾ, ಜರ್ಮನಿ, ಆಸ್ಟ್ರಿಯಾಗಳು ಅದನ್ನು ಹಂಚಿಕೊಂಡಿದ್ದವು. ತಾಯ್ನೆಲದಲ್ಲಿ ಇಲ್ಲದ ಪೋಲೆಂಡನ್ನು ಈ ಜನ ಎರಡು ಚದರ ಮೈಲಿಯಲ್ಲಿ ಕಟ್ಟಿಕೊಂಡರು. ಚರ್ಚು, ಶಾಲೆ, ಬೇಕರಿ ಎಲ್ಲವೂ ಪೋಲಿಷ್.

ಇತ್ತ ಡೆಟ್ರಾಯಿಟ್ ಸುತ್ತಲಿನ ಭೂಮಿಯನ್ನೆಲ್ಲ ತನ್ನೊಳಗೆ ಸೇರಿಸಿಕೊಳ್ಳುತ್ತಾ ಬೆಳೆಯುತ್ತಿತ್ತು. ಹ್ಯಾಮ್‌ಟ್ರಾಮಿಕ್ 1922ರಲ್ಲಿ ನಗರದ ಸ್ಥಾನಮಾನ ಪಡೆದು ಆ ಸೇರ್ಪಡೆಯಿಂದ ಪಾರಾಯಿತು. ಡಾಡ್ಜ್ ಕಾರ್ಖಾನೆಯ ತೆರಿಗೆ ತನ್ನ ಬೊಕ್ಕಸಕ್ಕೇ ಬರುತ್ತಿರುವಾಗ ದೊಡ್ಡ ನಗರದ ಹಂಗೇಕೆ? ಪಕ್ಕದಲ್ಲಿ ಫೋರ್ಡ್ ಕಾರ್ಖಾನೆಯನ್ನು ಇಟ್ಟುಕೊಂಡಿದ್ದ ಹೈಲ್ಯಾಂಡ್ ಪಾರ್ಕ್ ಕೂಡ ಹಾಗೆಯೇ ದೂರ ನಿಂತಿತು. ನಕ್ಷೆಯ ಆ ತೂತು ಉಂಟಾದದ್ದು ಹೀಗೆ.

ಚಿಮಣಿ ಆರಿದ ಮೇಲೆ

ಗಡಿ ಹಾಕಿ ಕಾಪಾಡಿಕೊಂಡ ಸಂಪತ್ತು ಗಡಿ ದಾಟಿ ಹೋಗಲಾರದು ಎಂದೇನೂ ಇಲ್ಲ. ಫೋರ್ಡ್ ಕಂಪನಿ 1920ರ ದಶಕದಲ್ಲೇ ಹೈಲ್ಯಾಂಡ್ ಪಾರ್ಕಿನಿಂದ ತನ್ನ ಮುಖ್ಯ ಉತ್ಪಾದನೆಯನ್ನು ರೂಜ್ ನದಿಯ ದಡಕ್ಕೆ ಸಾಗಿಸಿತು. ಅಲ್ಲಿದ್ದ ಕ್ರೈಸ್ಲರ್ ಕಂಪನಿಯ ಮುಖ್ಯ ಕಚೇರಿಯೂ 1990ರ ದಶಕದಲ್ಲಿ ಹೊರಟುಹೋಯಿತು. ತೆರಿಗೆ ಕಟ್ಟುವವರಿಲ್ಲದೆ ವಿದ್ಯುತ್ ಬಾಕಿ ಏರಿ, 2011ರಲ್ಲಿ ಆ ನಗರದ ಮೂರನೇ ಎರಡರಷ್ಟು ಬೀದಿದೀಪಗಳನ್ನು ಕಿತ್ತು ಒಯ್ಯಲಾಯಿತು.

ಹ್ಯಾಮ್‌ಟ್ರಾಮಿಕ್‌ನ ಸರದಿ 1980ರಲ್ಲಿ ಬಂತು. ಆ ವರ್ಷ ಡಾಡ್ಜ್ ಕಾರ್ಖಾನೆ ಮುಚ್ಚಿತು. ಅದೇ ಸ್ಥಳದಲ್ಲಿ ಜನರಲ್ ಮೋಟಾರ್ಸ್ ಹೊಸ ಕಾರ್ಖಾನೆ ಕಟ್ಟಲು ಮುಂದೆ ಬಂದಾಗ, ಅದಕ್ಕೆ ಜಾಗ ಸಾಲದೆಂದು ಡೆಟ್ರಾಯಿಟ್ ಬದಿಯ ‘ಪೋಲ್‌ಟೌನ್’ ಎಂಬ ಹಳೆಯ ಬಡಾವಣೆಯನ್ನು ಸರ್ಕಾರ ವಶಪಡಿಸಿಕೊಂಡಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಖಾಸಗಿ ಕಂಪನಿಗಾಗಿ ಜನರ ಮನೆ ಕಿತ್ತುಕೊಳ್ಳಬಹುದೇ ಎಂಬ ಪ್ರಶ್ನೆ ಮಿಷಿಗನ್ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 1981ರಲ್ಲಿ ಕೋರ್ಟು ಕಾರ್ಖಾನೆಯ ಕಡೆಗೆ ತೀರ್ಪಿತ್ತಿತು. ಆ ತೀರ್ಪು ತಪ್ಪೆಂದು ಅದೇ ಕೋರ್ಟು 2004ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಪೋಲ್‌ಟೌನಿನ ಮನೆಗಳಿದ್ದ ಜಾಗದಲ್ಲಿ ಕಾರುಗಳು ತಯಾರಾಗಲು ತೊಡಗಿ ಸುಮಾರು ಇಪ್ಪತ್ತು ವರ್ಷ ಕಳೆದಿತ್ತು.

1990ರಲ್ಲಿ ಹ್ಯಾಮ್‌ಟ್ರಾಮಿಕ್‌ನ ಜನಸಂಖ್ಯೆ 18,372ಕ್ಕೆ ಕುಸಿಯಿತು. ಪೋಲಿಷರ ಮಕ್ಕಳು ಓದಿ, ಕಾರು ಕೊಂಡು, ದೂರದ ಹೊಸ ಉಪನಗರಗಳಿಗೆ ಹೊರಟುಹೋಗಿದ್ದರು.

ಖಾಲಿ ಮನೆಗೆ ಹೊಸ ಒಕ್ಕಲು

ಹೈಲ್ಯಾಂಡ್ ಪಾರ್ಕ್ ಮತ್ತು ಹ್ಯಾಮ್‌ಟ್ರಾಮಿಕ್‌ಗಳ ದಾರಿ ಕವಲೊಡೆದದ್ದು ಇಲ್ಲಿ. ಹ್ಯಾಮ್‌ಟ್ರಾಮಿಕ್‌ನಲ್ಲಿ ಖಾಲಿಯಾದ ಮನೆಗಳು ಖಾಲಿ ಉಳಿಯಲಿಲ್ಲ. ಯೆಮನ್ ದೇಶದವರು 1960ರ ದಶಕದಿಂದಲೂ ಕಾರು ಕಾರ್ಖಾನೆಗಳ ಕೆಲಸಕ್ಕೆ ಬರುತ್ತಿದ್ದರು. 1990ರ ದಶಕದಲ್ಲಿ ಯುದ್ಧದಿಂದ ಪಾರಾಗಿ ಬಂದ ಬೋಸ್ನಿಯನ್ನರು ಸೇರಿಕೊಂಡರು. ನ್ಯೂಯಾರ್ಕಿನ ಬಾಡಿಗೆ ತಾಳಲಾರದ ಬಾಂಗ್ಲಾದೇಶೀಯರು ಇಲ್ಲಿ ಅಗ್ಗದ ಮನೆಗಳಿವೆಯೆಂದು ತಿಳಿದು ಗುಂಪುಗುಂಪಾಗಿ ಬಂದರು. ಮೇಲೊಂದು ಕೆಳಗೊಂದು ಸಂಸಾರಕ್ಕೆ ಕಟ್ಟಿದ ಮನೆ ಅಣ್ಣತಮ್ಮಂದಿರ ಕೂಡುಕುಟುಂಬಕ್ಕೆ ಹೇಳಿ ಮಾಡಿಸಿದಂತಿತ್ತು. ಪೋಲಿಷ್ ಕಾರ್ಮಿಕನಿಗೆ ಚರ್ಚು ನಡಿಗೆಯ ದೂರದಲ್ಲಿದ್ದಂತೆ ಇವರಿಗೆ ಮಸೀದಿ ಸಿಕ್ಕಿತು. 2000ದ ಗಣತಿಯಲ್ಲಿ ಸಂಖ್ಯೆ 22,976ಕ್ಕೆ ಏರಿತು. ಇಂದು ಊರಿನ ಹತ್ತು ಜನರಲ್ಲಿ ನಾಲ್ವರಾದರೂ ಹೊರದೇಶದಲ್ಲಿ ಹುಟ್ಟಿದವರು.

ಹಳಬರು ಹೊಸಬರ ನಡುವೆ ಎಲ್ಲವೂ ಸುಗಮವಾಗಿರಲಿಲ್ಲ. 2004ರಲ್ಲಿ ಮಸೀದಿಯೊಂದು ಧ್ವನಿವರ್ಧಕದಲ್ಲಿ ಆಜಾನ್ ಕೂಗಲು ಅನುಮತಿ ಕೇಳಿದಾಗ ದೇಶದ ಪತ್ರಿಕೆಗಳೆಲ್ಲ ಇತ್ತ ತಿರುಗಿದವು. ಚರ್ಚಿನ ಗಂಟೆ ಸದ್ದಲ್ಲವೇ ಎಂದು ಒಬ್ಬರು, ಗಂಟೆಗೆ ಮಾತಿಲ್ಲವಲ್ಲ ಎಂದು ಇನ್ನೊಬ್ಬರು. ನಗರಸಭೆ ಅನುಮತಿ ಕೊಟ್ಟಿತು, ಜನಮತಗಣನೆಯಲ್ಲಿ ಅದು ಉಳಿಯಿತು. 2015ರಲ್ಲಿ ನಗರಸಭೆಯಲ್ಲಿ ಮುಸ್ಲಿಮರ ಬಹುಮತವಾಯಿತು. 2021ರಲ್ಲಿ ಯೆಮನ್‌ನಲ್ಲಿ ಹುಟ್ಟಿದ ಆಮೆರ್ ಗಾಲಿಬ್ ಮೇಯರ್ ಆಗಿ ಆರಿಸಿಬಂದರು. ಆಗ ಆರಿಸಿಬಂದವರ ಸಾಲಿನಲ್ಲಿ ಇಸ್ಲಾಂ ಸ್ವೀಕರಿಸಿದ ಪೋಲಿಷ್ ಮೂಲದ ಮಹಿಳೆಯೂ ಇದ್ದರು. 2023ರಲ್ಲಿ ಸಲಿಂಗಿಗಳ ಕಾಮನಬಿಲ್ಲಿನ ಬಾವುಟವನ್ನು ನಗರದ ಕಂಬಗಳಲ್ಲಿ ಹಾರಿಸಕೂಡದೆಂದು ಇದೇ ಸಭೆ ನಿರ್ಣಯಿಸಿದಾಗ, ಹೊಸಬರ ಬೆಂಬಲಕ್ಕೆ ನಿಂತಿದ್ದ ಅನೇಕರಿಗೆ ನೋವಾಯಿತು.

ಗಡಿಯಿಂದ ಹೊರದಬ್ಬಿದವರು

ವಲಸಿಗರನ್ನು ಬರಮಾಡಿಕೊಂಡ ಊರೆಂದು ಹ್ಯಾಮ್‌ಟ್ರಾಮಿಕ್‌ಗೆ ಹೆಸರಿದೆ. ಆದರೆ ಇಲ್ಲೇ ಇದ್ದ ಕರಿಯರ ಅನುಭವ ಬೇರೆ. 1960ರ ದಶಕದಲ್ಲಿ ಹೆದ್ದಾರಿ, ನಗರ ನವೀಕರಣ ಎಂಬ ಹೆಸರಿನಲ್ಲಿ ಕೆಡವಿದ ಮನೆಗಳು ಹೆಚ್ಚಾಗಿ ಕರಿಯರವೇ ಆಗಿದ್ದವು. 1968ರಲ್ಲಿ ಅವರು ನಗರದ ಮೇಲೆ ದಾವೆ ಹೂಡಿದರು. ನಗರ ಬೇಕೆಂದೇ ಅವರನ್ನು ಹೊರಗಟ್ಟಿದೆ ಎಂದು ನ್ಯಾಯಾಧೀಶ ಡೇಮನ್ ಕೀತ್ 1971ರಲ್ಲಿ ತೀರ್ಪಿತ್ತರು. ಪರಿಹಾರವಾಗಿ ಮನೆ ಕಟ್ಟಿಕೊಡುವುದೆಂದು ಒಪ್ಪಂದವಾಯಿತು. ಕಾರ್ಖಾನೆ ಮುಚ್ಚಿ ಬೊಕ್ಕಸ ಬರಿದಾಗಿತ್ತು. ಮನೆಗಳಲ್ಲಿ ಬಹುಪಾಲು ಎದ್ದದ್ದು 2000ದ ನಂತರವೇ. ದಾವೆ ಹೂಡಿದವರಲ್ಲಿ ಎಷ್ಟೋ ಮಂದಿ ಆ ವೇಳೆಗೆ ತೀರಿಕೊಂಡಿದ್ದರು.

ಲೆಕ್ಕಕ್ಕೆ ಸಿಗದ ಜನ

ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯನ್ನು ಆಧರಿಸಿ ಕೇಂದ್ರದ ಅನುದಾನ ಹಂಚಿಕೆಯಾಗುತ್ತದೆ, ಚುನಾವಣಾ ಕ್ಷೇತ್ರಗಳ ಗೆರೆ ಎಳೆಯಲಾಗುತ್ತದೆ. ಸಾಲದ ಹೊರೆಯಿಂದಾಗಿ ಎರಡು ಬಾರಿ, 2000 ಮತ್ತು 2013ರಲ್ಲಿ, ರಾಜ್ಯ ಸರ್ಕಾರ ನೇಮಿಸಿದ ಅಧಿಕಾರಿಯ ಕೈಗೆ ಆಡಳಿತ ಒಪ್ಪಿಸಬೇಕಾಗಿ ಬಂದ ಊರಿಗೆ ತಲೆಯೆಣಿಕೆಯ ಬೆಲೆ ಚೆನ್ನಾಗಿ ಗೊತ್ತು.

ಆದರೆ ಎಣಿಸುವ ಹಾಳೆಗೂ ಈ ಊರಿನ ಜನರಿಗೂ ಎಂದೂ ಹೊಂದಿಕೆಯಾಗಿಲ್ಲ. ನೂರು ವರ್ಷದ ಹಿಂದೆ ಪೋಲಿಷರನ್ನು ರಷ್ಯನ್, ಜರ್ಮನ್, ಆಸ್ಟ್ರಿಯನ್ನರ ಲೆಕ್ಕದಲ್ಲಿ ಹಾಕಲಾಗುತ್ತಿತ್ತು. 2020ರ ಗಣತಿಯಲ್ಲಿ ಯೆಮನ್‌ನವರಿಗೆಂದು ಪ್ರತ್ಯೇಕ ಕಲಮು ಇರಲಿಲ್ಲ. ಅರಬರೆಲ್ಲ ‘ಬಿಳಿಯರು’ ಎಂಬ ಕಲಮಿಗೆ ಸೇರಬೇಕಿತ್ತು. ಹಾಗಾಗಿ ಸರ್ಕಾರಿ ಅಂಕಿಅಂಶದಲ್ಲಿ ವಯಸ್ಸಾದ ಪೋಲಿಷ್ ಅಜ್ಜಿಯೂ ನಿನ್ನೆ ಮೊನ್ನೆ ಬಂದ ಯೆಮನಿ ಯುವಕನೂ ಒಂದೇ ಸಾಲು. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದವರಿಗೆ ಬೇರೆಯೇ ವರ್ಗವಿರಬೇಕೆಂದು ಅಮೆರಿಕ ಸರ್ಕಾರ ತೀರ್ಮಾನಿಸಿದ್ದು 2024ರ ಮಾರ್ಚ್‌ನಲ್ಲಿ.

ಇಂದು ಹಳೆಯ ಡಾಡ್ಜ್ ನೆಲದ ಕಾರ್ಖಾನೆ ‘ಫ್ಯಾಕ್ಟರಿ ಜೀರೋ’ ಎಂಬ ಹೆಸರಿನ ವಿದ್ಯುತ್ ವಾಹನಗಳ ಘಟಕ. ಈಸ್ಟರ್ ಉಪವಾಸ ಹಿಡಿಯುವ ಮುನ್ನಾದಿನ ‘ಪೂಂಚ್ಕಿ’ ಎಂಬ ಪೋಲಿಷ್ ಸಿಹಿತಿಂಡಿಗಾಗಿ ಬೇಕರಿಗಳ ಮುಂದೆ ಈಗಲೂ ಸಾಲು ನಿಲ್ಲುತ್ತದೆ. ಕೋನಂಟ್ ಬೀದಿಯ ಅಂಗಡಿಗಳಲ್ಲಿ ಬಂಗಾಳಿ ಫಲಕಗಳಿವೆ. 1922ರಲ್ಲಿ ಗಡಿ ಎಳೆದವರು ಕಾಯಲು ಹೊರಟದ್ದು ಒಂದು ಕಾರ್ಖಾನೆಯನ್ನು. ಅದು ಉಳಿಯಲಿಲ್ಲ. ಊರನ್ನು ಉಳಿಸಿದ್ದು ಅವರು ಕನಸಿನಲ್ಲೂ ಎಣಿಸಿರದ ದೇಶಗಳಿಂದ ಬಂದು, ಖಾಲಿ ಮನೆಗಳ ಬಾಗಿಲು ತೆರೆದು ದೀಪ ಹಚ್ಚಿದವರು.