ಕಣ್ಣಪ್ಪನ ಕಥೆ, ಎರಡು ಅಕ್ಷರದ ನೋಟುಬುಕ್ಕು

ಮಡಕಶಿರಾ ಸೀಮೆಯ ಅಮರಾಪುರ, ಅಗಳಿ, ರೊಳ್ಳ ಕಡೆಯ ಹಳ್ಳಿಗಳಲ್ಲಿ ಬೇಡರ ಕಣ್ಣಪ್ಪನ ಮಾತು ಬಂದರೆ ಸಾಕು, ಅರಳಿಕಟ್ಟೆ ಮೇಲೆ ಎರಡು ಪಕ್ಷ ಆಗುತ್ತವೆ. ‘ಕಣ್ಣಪ್ಪ ಅಂದ್ರೆ ರಾಜಕುಮಾರ್ ಕಣಯ್ಯ’ ಅಂತ ಒಬ್ಬ. ‘ಕೃಷ್ಣಂರಾಜು ಬಿಲ್ಲು ಹಿಡಿದು ನಿಂತಿದ್ದು ನೋಡಿದೀಯೇನೋ ನೀನು?’ ಅಂತ ಇನ್ನೊಬ್ಬ. ವಯಸ್ಸಾದವರು ಯಾರಾದರೂ ಮಧ್ಯೆ ಬಂದು, ‘ರಾಜಕುಮಾರ್ ತೆಲುಗಿನಲ್ಲೂ ಅದೇ ವೇಷ ಹಾಕಿದ್ದರು’ ಎಂದಾಗ ಇಬ್ಬರೂ ಸುಮ್ಮನಾಗುತ್ತಾರೆ.

ಅದು ನಿಜ. ಗುಬ್ಬಿ ಕಂಪನಿಯ ಮುತ್ತುರಾಜ ಎಂಬ ನಟ ರಾಜಕುಮಾರ್ ಆಗಿದ್ದು 1954ರಲ್ಲಿ, ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದಿಂದ. ಅದೇ ವರ್ಷ ಅದೇ ನಿರ್ದೇಶಕರು ಅದೇ ನಾಯಕನನ್ನಿಟ್ಟುಕೊಂಡು ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ತೆಗೆದರು. ರಾಜಕುಮಾರ್ ನಾಯಕನಾದ ತೆಲುಗು ಚಿತ್ರ ಅದೊಂದೇ. ನಮ್ಮಂಥ ಎರಡು ಭಾಷೆಯ ಜನಕ್ಕೆ ಅದೊಂದು ಸಾಕು, ಜಂಬ ಕೊಚ್ಚಿಕೊಳ್ಳೋಕೆ.

1976ರಲ್ಲಿ ಬಾಪು ನಿರ್ದೇಶನದ ‘ಭಕ್ತ ಕಣ್ಣಪ್ಪ’ ಬಂತು. ಬಾಪು ಮೂಲತಃ ಚಿತ್ರಕಾರ. ಹಾಗಾಗಿ ಆ ಸಿನಿಮಾದ ಒಂದೊಂದು ನೋಟವೂ ಬರೆದ ಪಟದ ಹಾಗೆ ಇದೆ. ನಾನು ಅದನ್ನು ಟೆಂಟಿನಲ್ಲಿ, ನೆಲದ ಟಿಕೇಟಿನಲ್ಲಿ ನೋಡಿದವನು. ಕಣ್ಣು ಕೀಳುವ ಹೊತ್ತಿಗೆ ಹೆಂಗಸರು ಮಕ್ಕಳ ಮುಖಕ್ಕೆ ಸೆರಗು ಮುಚ್ಚಿ ತಾವು ಮಾತ್ರ ನೋಡುತ್ತಿದ್ದರು. ಪರದೆ ಮುಂದೆ ಕರ್ಪೂರ ಹಚ್ಚಿದವರೂ ಉಂಟು. 1988ರಲ್ಲಿ ‘ಶಿವ ಮೆಚ್ಚಿದ ಕಣ್ಣಪ್ಪ’ ಬಂದಾಗ ಶಿವರಾಜಕುಮಾರ್ ಕಣ್ಣಪ್ಪ, ಪುನೀತ್ ಬಾಲಕ ಕಣ್ಣಪ್ಪ. ಹಿಂದೆ ಕಣ್ಣಪ್ಪನಾಗಿದ್ದ ಅಪ್ಪನೇ ಇಲ್ಲಿ ಶಿವ! ಮಗ ಕೊಟ್ಟ ಕಣ್ಣನ್ನು ಅಪ್ಪ ಇಸ್ಕೊಂಡ ಅಂತ ನಮ್ಮ ಕಡೆ ಹಾಸ್ಯಕ್ಕೂ ಆಡಿದರು, ಕಣ್ಣಲ್ಲಿ ನೀರೂ ತಂದುಕೊಂಡರು. 2025ರಲ್ಲಿ ಮಂಚು ವಿಷ್ಣು ಅವರ ತೆಲುಗು ‘ಕಣ್ಣಪ್ಪ’ ಬಂತು. ಅದರ ಗ್ರಾಫಿಕ್ಸಿನ ವೈಭವ ನನ್ನ ಕಣ್ಣಿಗೆ ಹತ್ತಲಿಲ್ಲ, ಹುಡುಗರಿಗೆ ಹತ್ತಿತು.

ಪುಸ್ತಕದ ಕಡೆ ಬಂದರೆ ಕಥೆ ಇನ್ನೂ ಹಳೆಯದು. ತಮಿಳಿನಲ್ಲಿ ಸೇಕ್ಕಿಳಾರ್ ಬರೆದ ‘ಪೆರಿಯ ಪುರಾಣಂ’, ಕನ್ನಡದಲ್ಲಿ ಹರಿಹರನ ಕಣ್ಣಪ್ಪನ ರಗಳೆ, ತೆಲುಗಿನಲ್ಲಿ ಧೂರ್ಜಟಿಯ ‘ಶ್ರೀಕಾಳಹಸ್ತೀಶ್ವರ ಮಾಹಾತ್ಮ್ಯಮು’. ತಮಿಳಿನ ತಿಣ್ಣನ್ ತೆಲುಗಿನಲ್ಲಿ ತಿನ್ನಡು, ನಮ್ಮ ಸಿನಿಮಾದಲ್ಲಿ ದಿಣ್ಣ. ಹೆಸರು ಊರಿಗೊಂದಾದರೂ ಅವನ ಪೂಜೆ ಒಂದೇ ರೀತಿ. ಬಾಯಲ್ಲಿ ನೀರು ತುಂಬಿ ತಂದು ಅಭಿಷೇಕ, ಕಚ್ಚಿ ರುಚಿ ನೋಡಿದ ಮಾಂಸದ ನೈವೇದ್ಯ. ಶಿವನ ಒಂದು ಕಣ್ಣಲ್ಲಿ ರಕ್ತ ಸೋರಿದರೆ ತನ್ನ ಕಣ್ಣು ಕಿತ್ತಿಡುತ್ತಾನೆ. ಇನ್ನೊಂದೂ ಸೋರಿದಾಗ, ತನಗೆ ಕಾಣದಾದರೆ ಗುರುತು ಬೇಕಲ್ಲ ಅಂತ ಅಲ್ಲಿ ಕಾಲಿಡುತ್ತಾನೆ.

ಇಟ್ಟದ್ದು ಬರಿಗಾಲೋ, ಮೆಟ್ಟಿದ ಕಾಲೋ? ಇದು ಕಟ್ಟೆಯ ಮುಗಿಯದ ಜಗಳ. ಶಂಕರರ ಹೆಸರಿನಲ್ಲಿರುವ ಶಿವಾನಂದಲಹರಿಯ ಒಂದು ಶ್ಲೋಕದಲ್ಲಿ ದಾರಿ ಸವೆಸಿದ ಪಾದುಕೆಯೇ ಶಿವನಿಗೆ ದರ್ಭೆಯ ಕೂರ್ಚವಾಯಿತು ಎಂಬರ್ಥದ ಮಾತಿದೆ. ಅದನ್ನು ಹೇಳಿದರೆ ಮೆಟ್ಟಿನ ಪಕ್ಷದವರು ಗೆದ್ದೆವು ಅಂತ ಎದ್ದುಹೋಗುತ್ತಾರೆ.

ಕಾಳಹಸ್ತಿಯಲ್ಲಿ ಶಿವರಾತ್ರಿಯ ಬ್ರಹ್ಮೋತ್ಸವ ಶುರುವಾಗುವುದೇ ಕಣ್ಣಪ್ಪನ ಬೆಟ್ಟದ ಮೇಲೆ ಧ್ವಜ ಏರಿಸಿ. ಬೇಡನಿಗೆ ಮೊದಲ ಮರ್ಯಾದೆ, ದೇವರಿಗೆ ಆಮೇಲೆ. ನಮ್ಮ ಹತ್ತಿರದ ಲೇಪಾಕ್ಷಿಯ ವೀರಭದ್ರ ಗುಡಿಯ ಸೂರಿನಲ್ಲಿ ಕಿರಾತಾರ್ಜುನೀಯದ ಚಿತ್ರಗಳಿವೆ. ಬೇಡನ ವೇಷದ ಶಿವನೊಡನೆ ಸೆಣಸಿದ ಅರ್ಜುನನೇ ಮುಂದೆ ಕಣ್ಣಪ್ಪನಾಗಿ ಹುಟ್ಟಿದ ಅನ್ನುವ ಕಥೆ ಗೊತ್ತಿರುವವರು ಅಲ್ಲಿ ಕತ್ತೆತ್ತಿ ನೋಡಿದರೆ ಬೇಗ ಹೊರಗೆ ಬರುವುದಿಲ್ಲ. ಬಾಪು ಸಿನಿಮಾಕ್ಕೂ ಈ ನಂಟು ಹಿಡಿದಿತ್ತು. ಅದೇ ಗುಡಿಯ ಗೋಡೆಗಳಲ್ಲಿ ಕನ್ನಡ ಶಾಸನಗಳಿವೆ. ಓದುವವರು ಕಡಿಮೆ, ಅದು ಬೇರೆ ಮಾತು.

ಬೇರೆ ಮಾತಲ್ಲ, ನಾನು ಹೇಳಹೊರಟದ್ದೇ ಅದು. ಕಥೆಯನ್ನು ನಿಜವಾಗಿ ಮೆರೆಸುವುದು ಸಿನಿಮಾ ನೋಡಿದವರಲ್ಲ, ನಾಟಕ ಆಡುವವರು. ಕಡಲೆಕಾಯಿ ಕಿತ್ತು ಮನೆಗೆ ತಂದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಾಲೀಮು ಹಿಡಿಯುತ್ತಾರೆ. ಪಾರ್ಟು ಮಾಡುವವನೇ ಕೈಯಿಂದ ದುಡ್ಡು ಹಾಕಬೇಕು. ಕಣ್ಣಪ್ಪನ ಪಾರ್ಟಿನವನು ಅಂದು ಉಪವಾಸ ಇರುವುದೂ ಉಂಟು. ಕುಂಕುಮದ ನೀರಲ್ಲಿ ಅದ್ದಿದ ಹತ್ತಿ ಅಂಗೈಯಲ್ಲಿ ಅಡಗಿಸಿಟ್ಟು ಕಣ್ಣಿಗೆ ಒತ್ತಿಕೊಂಡರೆ ಅದೇ ರಕ್ತ. ಪದ್ಯಕ್ಕೆ ‘ಒನ್ಸ್ ಮೋರ್’, ಎದೆಗೆ ಪಿನ್ನು ಹಾಕಿ ಚುಚ್ಚಿದ ನೋಟು, ತೆಂಗಿನಕಾಯಿ, ಎಲ್ಲ ನಡೆಯುತ್ತದೆ.

ಆದರೆ ಪಾರ್ಟು ಕಲಿಯುವ ಹುಡುಗರು ಈಗ ಕನ್ನಡದ ನಾಟಕವನ್ನು ತೆಲುಗು ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಮನೆಮಾತು ಕನ್ನಡ, ಓದಿದ್ದು ತೆಲುಗು ಇಲ್ಲವೇ ಇಂಗ್ಲಿಷ್ ಮೀಡಿಯಂ. ಇಲ್ಲಿ ಕನ್ನಡ ಶಾಲೆಗಳಿವೆ, ಆದರೆ ಮುಂದಿನ ಓದು, ಕೆಲಸ ಎಲ್ಲ ಅತ್ತ ಅಂತ ತಂದೆತಾಯಿ ಲೆಕ್ಕ ಹಾಕುತ್ತಾರೆ. ಅವರನ್ನು ಬೈದು ಏನು ಬಂತು? ಬೆಂಗಳೂರಿಂದ ಬಂದ ಅಭಿಮಾನಿಗಳು ಆ ನೋಟುಬುಕ್ಕು ನೋಡಿ ‘ಕನ್ನಡ ಹೋಯ್ತು’ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕನ್ನಡದ ಕಂದಪದ್ಯ ಹುಡುಗನ ಗಂಟಲಲ್ಲಿ ಇದೆ, ಪ್ರಾಸ ತಪ್ಪಿದರೆ ಅವನಿಗೇ ಕಿವಿ ಕಚ್ಚುತ್ತದೆ. ಹೋಗಿರುವುದು ಕೈ, ಬಾಯಲ್ಲ. ಎರಡು ಲಿಪಿಗಳು ಒಂದೇ ಮನೆಯವು. ತಲಕಟ್ಟು ಬೇರೆ, ಕ ಬೇರೆ, ತ ಬೇರೆ, ಹೀಗೆ ಕೆಲವನ್ನು ತಿದ್ದಿಸಿದರೆ ಓದಲು ಬರುತ್ತದೆ. ನಾಟಕದ ಆಸೆ ಇರುವವನಿಗೆ ತಿಂಗಳು ಸಾಕು, ಬರೀ ಪಾಠ ಅಂದರೆ ವರ್ಷವಾದರೂ ಬರಲಿಕ್ಕಿಲ್ಲ.

ಅದಕ್ಕೇ ನಾನು ಪಾರ್ಟು ಬರೆದುಕೊಡುವಾಗ ಎಡಪುಟಕ್ಕೆ ಕನ್ನಡ, ಬಲಪುಟಕ್ಕೆ ಅದೇ ಮಾತು ತೆಲುಗು ಅಕ್ಷರದಲ್ಲಿ ಬರೆಯುತ್ತೇನೆ. ತಾಲೀಮಿನ ಮೊದಲ ವಾರ ಎಲ್ಲರೂ ಬಲಕ್ಕೇ ನೋಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರಿಗೆ ಬರುವುದು ಕನ್ನಡ ಒಂದೇ, ಅವರು ‘ಎಡಪುಟ ಮೂರನೇ ಸಾಲು’ ಅಂತ ಕೂಗುತ್ತಾರೆ. ಹುಡುಗರು ಬಲಪುಟದ ಮೂರನೇ ಸಾಲು ಎಣಿಸಿಕೊಂಡು, ಆಮೇಲೆ ಎಡಕ್ಕೆ ತಿರುಗಿ ಬೆರಳಿಟ್ಟು ನೋಡುತ್ತಾರೆ.