ಖಡ್ಗ ಹಿಡಿದ ಸಂನ್ಯಾಸಿನಿ: ‘ವಾರಿಯರ್ ನನ್ ಅರಿಯಾಲಾ’

ಅಮೆರಿಕದ ಕಾಮಿಕ್ಸ್ ಮಾರುಕಟ್ಟೆಯಲ್ಲಿ ಮಾರ್ವೆಲ್ ಮತ್ತು ಡಿಸಿ ಎಂಬ ಎರಡು ಸಂಸ್ಥೆಗಳದೇ ಬಹುಕಾಲದ ಪ್ರಾಬಲ್ಯವಾದರೂ, ಕಲಾವಿದರೇ ಪ್ರಕಾಶಕರಾಗಿ ನಡೆಸುವ ಸಣ್ಣ ಸಂಸ್ಥೆಗಳ ಪರಂಪರೆಯೊಂದು ಅವುಗಳ ಪಕ್ಕದಲ್ಲಿಯೇ ಬೆಳೆದು ಬಂದಿದ್ದು, ಇದನ್ನು ಸ್ವತಂತ್ರ ಕಾಮಿಕ್ಸ್ ಎಂದು ಕರೆಯುವ ರೂಢಿಯಿದೆ. 1970ರ ದಶಕದಿಂದೀಚೆಗೆ ಕಾಮಿಕ್ಸ್‌ಗೆಂದೇ ಮೀಸಲಾದ ಅಂಗಡಿಗಳು ಹೆಚ್ಚಿ, ಮಾರಾಟವಾಗದೆ ಉಳಿದ ಪ್ರತಿಗಳನ್ನು ಹಿಂದಿರುಗಿಸುವಂತಿಲ್ಲವೆಂಬ ಷರತ್ತಿನ ಮೇಲೆ ಅವು ಮುಂಗಡ ಬೇಡಿಕೆ ಸಲ್ಲಿಸುವ ಪದ್ಧತಿ ಬಂದುದರಿಂದ, ಎಷ್ಟು ಪ್ರತಿ ಅಚ್ಚು ಹಾಕಬೇಕೆಂಬುದು ಮೊದಲೇ ತಿಳಿದು, ಕಡಿಮೆ ಬಂಡವಾಳದವರಿಗೂ ಈ ಉದ್ಯಮ ಕೈಗೆಟುಕಿತು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಬೆನ್ ಡನ್ 1980ರ ದಶಕದ ನಡುವಿನಲ್ಲಿ ಕಟ್ಟಿದ ಅಂಟಾರ್ಕ್ಟಿಕ್ ಪ್ರೆಸ್ ಇಂಥದೊಂದು ಸಂಸ್ಥೆ. ಜಪಾನಿನ ಚಿತ್ರಕಥಾ ಶೈಲಿಯಾದ ಮಾಂಗಾವನ್ನು ಅಮೆರಿಕದ ಓದುಗರಿಗೆ ಒಗ್ಗಿಸಿದ ಮೊದಲಿಗರಲ್ಲಿ ತೈವಾನ್ ಮೂಲದ ಡನ್ ಒಬ್ಬರು.

ಅವರ ‘ವಾರಿಯರ್ ನನ್ ಅರಿಯಾಲಾ’ 1994ರಲ್ಲಿ ಪ್ರತ್ಯೇಕ ಮಾಲಿಕೆಯಾಗಿ ಆರಂಭವಾಯಿತು. ನ್ಯೂಯಾರ್ಕಿನಲ್ಲಿ ಸಮರಕಲೆ ಕಲಿಯುತ್ತಿದ್ದ ಕ್ರೈಸ್ತ ಸಂನ್ಯಾಸಿನಿಯರ ಪಂಗಡವೊಂದು ಇದಕ್ಕೆ ಪ್ರೇರಣೆ. ಕಲ್ಪನೆಗಿಂತ ವಾಸ್ತವವೇ ಇಲ್ಲಿ ಹೆಚ್ಚು ವಿಚಿತ್ರವೆನ್ನಬೇಕು. ಅರಿಯಾಲಾ ಮೂಲತಃ ಒಬ್ಬ ವಾಲ್ಕಿರಿ, ಅಂದರೆ ರಣದಲ್ಲಿ ಮಡಿದ ವೀರರನ್ನು ಆಯ್ದು ಒಯ್ಯುವ, ಉತ್ತರ ಯುರೋಪಿನ ಪುರಾಣಗಳಲ್ಲಿ ಬರುವ ದೇವಕನ್ಯೆ. 1066ರಲ್ಲಿ ಅವಳು ಹಳೆಯ ದೈವಗಳನ್ನು ತೊರೆದು ಕ್ರಿಸ್ತನಿಗೆ ಶರಣಾಗಿ, ದುಷ್ಟಶಕ್ತಿಗಳೊಡನೆ ಹೋರಾಡಲು ತಲೆಮಾರಿಗೊಬ್ಬ ಸಂನ್ಯಾಸಿನಿಯನ್ನು ಆರಿಸುತ್ತಾಳೆಂಬುದು ಕಥೆ. ನಮ್ಮ ಕಾಲಕ್ಕೆ ಆಯ್ಕೆಯಾದವಳು ಸಿಸ್ಟರ್ ಶಾನನ್ ಮಾಸ್ಟರ್ಸ್.

ಧರ್ಮನಿಷ್ಠೆಯನ್ನೇ ನಾಯಕಿಯ ಬಲವಾಗಿಸಿದ ಈ ಕೃತಿ, ಅವಳ ಉಡುಪಿನಲ್ಲಿ ಮಾತ್ರ 1990ರ ದಶಕದ ಮಾರುಕಟ್ಟೆಗೆ ಮಣಿದಿದೆ: ಶಿರೋವಸ್ತ್ರವೂ ಶಿಲುಬೆಯೂ ಉಳಿದಿವೆ, ನಿಲುವಂಗಿ ಮಾತ್ರ ತೊಡೆಯವರೆಗೆ ಸೀಳಿದೆ. ಭಕ್ತೆಯನ್ನು ಗೌರವಿಸುತ್ತಲೇ ಅವಳನ್ನು ಪ್ರದರ್ಶನಕ್ಕಿಟ್ಟ ಈ ಇಬ್ಬಂದಿತನ ಮಾಲಿಕೆಯ ದೊಡ್ಡ ದೋಷ.

ಈ ಕಾಮಿಕ್ಸನ್ನು ಆಧರಿಸಿ ಸೈಮನ್ ಬ್ಯಾರಿ ರೂಪಿಸಿ 2020ರಲ್ಲಿ ನೆಟ್‌ಫ್ಲಿಕ್ಸ್ ಬಿಡುಗಡೆ ಮಾಡಿದ, ಸ್ಪೇನ್‌ನಲ್ಲಿ ಚಿತ್ರೀಕರಣಗೊಂಡ ಸರಣಿಯು ಆ ಉಡುಪನ್ನು ಕೈಬಿಟ್ಟಿತಷ್ಟೇ ಅಲ್ಲ, ದೇವದೂತನ ಪ್ರಭಾವಲಯವನ್ನು ದೇಹದೊಳಗೆ ಸೇರಿಸಿದಾಗ ಸಾವಿನಿಂದ ಎದ್ದುಬರುವ ಏವಾ ಎಂಬ ಅನಾಥ ಯುವತಿಯನ್ನು ನಾಯಕಿಯನ್ನಾಗಿಸಿ, ಬೇರೊಂದು ಆಯಾಮಕ್ಕೆ ದ್ವಾರ ತೆರೆಯಲು ಹೊರಟ ವಿಜ್ಞಾನಿಯನ್ನೂ ತಂದು, ಕಥೆಯನ್ನು ವೈಜ್ಞಾನಿಕ ಕಲ್ಪನೆಯ ಕಡೆಗೆ ಹೊರಳಿಸಿತು. ಏವಾ ಮೊದಲಿಗೆ ದೇವರನ್ನು ನಂಬುವವಳೇ ಅಲ್ಲ. ಎರಡೇ ಸೀಸನ್‌ಗಳ ನಂತರ, 2022ರ ಡಿಸೆಂಬರ್‌ನಲ್ಲಿ ಸರಣಿ ರದ್ದಾಯಿತಾದರೂ, ನಂಬಿಕೆಯನ್ನು ಕೇವಲ ಆಯುಧವಾಗಿಸದೆ ಪ್ರಶ್ನೆಗೂ ಒಡ್ಡಿದ್ದರಿಂದ ಅದು ಮೂಲಕೃತಿಗಿಂತ ಗಟ್ಟಿಯಾದ ರಚನೆ.